ಬ್ಲೂಮರ್ಸ್: ಹೂವಿನ ಹೆಸರಲ್ಲ, ಹೆಣ್ಣಿನ ಹೆಸರು

ಪ್ರಿಯ ಓದುಗರೇ,

‘ಬ್ಲೂಮರ್ಸ್ ಎಂಬ ಹೆಸರು ಹೂ ಅರಳುವ ಬ್ಲೂಮ್‌ನಿಂದ ಬಂತೇ? ಮೊದಲಿನಿಂದಲೂ ಅದು ಒಳಉಡುಪೇನಾ?’ ಎಂದು ಕೇಳಿದ್ದೀರಿ. ಅದರ ಉಬ್ಬಿದ ಆಕಾರ ನೋಡಿದರೆ ಹೂವಿನ ನೆನಪಾಗುವುದು ಸಹಜ. ಆದರೆ ಎರಡೂ ಅಲ್ಲ. ಆ ಹೆಸರು ಅಮೆಲಿಯಾ ಬ್ಲೂಮರ್ ಅವರದು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸೆನೆಕಾ ಫಾಲ್ಸ್ ಊರಿನಲ್ಲಿ 1849ರಿಂದ ‘ದ ಲಿಲಿ’ ಎಂಬ ಮಹಿಳಾ ಪತ್ರಿಕೆ ನಡೆಸಿದ ಸಂಪಾದಕಿ ಅವರು.

ಅಲ್ಲಿ ಆ ಉಡುಪನ್ನು ಮೊದಲು ತೊಟ್ಟವರು ಮಾತ್ರ ಬೇರೆಯವರು, ಎಲಿಜಬೆತ್ ಸ್ಮಿತ್ ಮಿಲ್ಲರ್. ಆಗಿನ ಹೆಂಗಸರ ಲಂಗ ನೆಲ ಗುಡಿಸುತ್ತಿತ್ತು. ಅದರೊಳಗೆ ಒಂದರ ಮೇಲೊಂದು ಒಳಲಂಗ ಬೇರೆ. ತೋಟದ ಕೆಲಸಕ್ಕೆ ಅದು ಅಡ್ಡ ಬಂದು ಬಂದು ಮಿಲ್ಲರ್‌ಗೆ ಸಾಕಾಗಿಹೋಯಿತು. ಟರ್ಕಿಯ ಹೆಂಗಸರ ಹಾಗೆ ಪಾದದ ಗಂಟಿನವರೆಗೆ ಬರುವ ಸಡಿಲ ಪ್ಯಾಂಟು, ಅದರ ಮೇಲೆ ಮಂಡಿಗಿಂತ ನಾಲ್ಕು ಇಂಚು ಕೆಳಗಿಳಿಯುವ ಲಂಗ ತೊಟ್ಟರು. 1851ರಲ್ಲಿ ಅದೇ ಉಡುಪಿನಲ್ಲಿ ಸೆನೆಕಾ ಫಾಲ್ಸ್‌ಗೆ ಬಂದರು. ಒಂದು ಕೈಯಲ್ಲಿ ದೀಪ, ಇನ್ನೊಂದರಲ್ಲಿ ಮಗು ಹಿಡಿದು ಅವರು ಸಲೀಸಾಗಿ ಮಹಡಿ ಮೆಟ್ಟಿಲು ಹತ್ತಿದ್ದನ್ನು ಅವರ ಬಂಧು ಎಲಿಜಬೆತ್ ಕೇಡಿ ಸ್ಟಾಂಟನ್ ಬರೆದಿಟ್ಟಿದ್ದಾರೆ. ಉದ್ದ ಲಂಗದಲ್ಲಿದ್ದ ಸ್ಟಾಂಟನ್‌ಗೆ ಬರಿಗೈಯಲ್ಲಿ ಹತ್ತುವುದೇ ಕಷ್ಟವಾಗಿತ್ತು. ಹೆಂಗಸರ ಬಟ್ಟೆ ಹೇಗಿರಬೇಕು ಎಂಬ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ.

ಸ್ಟಾಂಟನ್ ಕೂಡ ಹಾಗೇ ಹೊಲಿಸಿಕೊಂಡರು, ಬ್ಲೂಮರ್ ಕೂಡ. ಬ್ಲೂಮರ್ ಅದನ್ನು ‘ಲಿಲಿ’ಯಲ್ಲಿ ಬರೆದಾಗ, ಹೊಲಿಯುವುದು ಹೇಗೆ ಎಂದು ಕೇಳಿ ಹೆಂಗಸರಿಂದ ರಾಶಿ ಪತ್ರಗಳು ಬಂದವು. ಬೇರೆ ಪತ್ರಿಕೆಗಳು ಗೇಲಿ ಮಾಡಿ, ವ್ಯಂಗ್ಯಚಿತ್ರ ಬರೆದು, ಉಡುಪಿಗೆ ಅವರ ಹೆಸರನ್ನೇ ಅಂಟಿಸಿದವು. ಇದನ್ನು ಶುರುಮಾಡಿದವಳು ನಾನಲ್ಲ ಎಂದು ಬ್ಲೂಮರ್ ಹೇಳಿದರೂ ಹೆಸರು ಬದಲಾಗಲಿಲ್ಲ. ಮಿಲ್ಲರ್ ಹೆಸರು ಇಷ್ಟು ಮರೆತುಹೋಗಿರುವುದು ನನಗಂತೂ ಅನ್ಯಾಯ ಅನ್ನಿಸುತ್ತದೆ.

ಬೀದಿಯಲ್ಲಿ ಜನ ಆಡಿಕೊಳ್ಳುವುದು ನಿಲ್ಲಲಿಲ್ಲ. ಕೆಲವೇ ವರ್ಷಗಳಲ್ಲಿ ಸ್ಟಾಂಟನ್ ಮತ್ತೆ ಉದ್ದ ಲಂಗಕ್ಕೆ ಮರಳಿದರು. ಆಮೇಲೆ ಬ್ಲೂಮರ್ ಸಹ.

1890ರ ದಶಕದಲ್ಲಿ ಹೆಂಗಸರು ಸೈಕಲ್ ಹತ್ತಿದಾಗ ಉದ್ದ ಲಂಗ ಚೈನಿಗೆ ಸಿಕ್ಕಿಕೊಳ್ಳತೊಡಗಿತು. ಆಗ ಬ್ಲೂಮರ್ಸ್ ಮತ್ತೆ ಬಂತು, ಈ ಸಲ ಮೇಲಿನ ಲಂಗ ಬಿಟ್ಟು, ಮಂಡಿಯ ಹತ್ತಿರ ಬಿಗಿದು ಕಟ್ಟುವ ಉಬ್ಬು ಪ್ಯಾಂಟಾಗಿ. ಹುಡುಗಿಯರು ವ್ಯಾಯಾಮಕ್ಕೂ ಅದನ್ನೇ ತೊಟ್ಟರು. ಅದೇ ಆಕಾರದ ಒಳಚಡ್ಡಿಗೂ ಅದೇ ಹೆಸರು ಬಂತು. ನಿಮಗೆ ಗೊತ್ತಿರುವ ಒಳಉಡುಪು ಅದು.

— ಸಂಪಾದಕಿ