ವೈದ್ಯಕೀಯ ಲೇಖನಗಳನ್ನು ಹುಡುಕುವ ಜಾಲತಾಣ ಪಬ್‌ಮೆಡ್‌ನಲ್ಲಿ ಹುಡುಕಿದರೆ ಸಾವಿರಾರು ಲೇಖನ ಬರುತ್ತವೆ. ಪ್ರಬಂಧಕ್ಕೆ ಬೇಕಾದ್ದನ್ನು ಹುಡುಕಿ ಜೋಡಿಸಿಡುವುದು ಹೇಗೆ?

ಮೊದಲು ನಿಮ್ಮ ಪ್ರಶ್ನೆಯನ್ನು ಒಡೆದುಕೊಳ್ಳಿ: ಯಾವ ರೋಗಿಗಳು, ಯಾವ ಚಿಕಿತ್ಸೆ, ಯಾವುದಕ್ಕೆ ಹೋಲಿಕೆ, ಏನು ಫಲಿತಾಂಶ. ಇದನ್ನೇ ಪಿಕೊ ಅಂತಾರೆ. ಸಾಮಾನ್ಯವಾಗಿ ರೋಗ, ಚಿಕಿತ್ಸೆ ಎರಡನ್ನೇ ಹಾಕಿ ಹುಡುಕಿದರೆ ಸಾಕು. ಫಲಿತಾಂಶದ ಪದವನ್ನೂ ಸೇರಿಸಿದರೆ ಒಳ್ಳೆಯ ಲೇಖನಗಳೇ ತಪ್ಪಿಹೋಗಬಹುದು, ಯಾಕಂದ್ರೆ ಸಾರಾಂಶದಲ್ಲಿ ಅದು ಇರಲೇಬೇಕೆಂದಿಲ್ಲ.

ಮೆಶ್ ಪದಗಳನ್ನು, ಅಂದರೆ ಲೇಖನದ ವಿಷಯ ಗುರುತಿಸಲು ಹಚ್ಚುವ ನಿಗದಿತ ಪದಗಳನ್ನು, ದಯವಿಟ್ಟು ಕಲಿಯಿರಿ. ಒಬ್ಬರು ‘ಹಾರ್ಟ್ ಅಟ್ಯಾಕ್’ ಅಂತ ಬರೆದಿರುತ್ತಾರೆ, ಇನ್ನೊಬ್ಬರು ‘ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್’ ಅಂತ. ಮೆಶ್‌ನಲ್ಲಿ ಎರಡಕ್ಕೂ ಎರಡನೆಯದೇ ಹೆಸರು. ಹಾಗಂತ ಅದೊಂದನ್ನೇ ನಂಬಬೇಡಿ. ಪಬ್‌ಮೆಡ್‌ನ ಎಲ್ಲ ಲೇಖನಗಳಿಗೂ ಮೆಶ್ ಗುರುತು ಇರುವುದಿಲ್ಲ. ಶೀರ್ಷಿಕೆ, ಸಾರಾಂಶದಲ್ಲಿ ಬರುವ ಮಾಮೂಲಿ ಪದಗಳನ್ನೂ ಹಾಕಿ. ಒಂದೇ ಅರ್ಥದ ಪದಗಳ ನಡುವೆ ‘ಆರ್’, ಬೇರೆ ವಿಚಾರಗಳ ನಡುವೆ ‘ಆ್ಯಂಡ್’. ‘ನಾಟ್’ ಬಳಸುವಾಗ ಎಚ್ಚರ: ಮಕ್ಕಳನ್ನು ಬಿಡಲು ಹೋಗಿ, ಮಕ್ಕಳು ದೊಡ್ಡವರು ಇಬ್ಬರೂ ಇರುವ ಅಧ್ಯಯನವೂ ಕೈಬಿಟ್ಟುಹೋಗುತ್ತದೆ.

ಹುಡುಕಿದ ದಿನಾಂಕ, ಬಳಸಿದ ಪದಗಳು, ಸಿಕ್ಕ ಲೇಖನಗಳ ಸಂಖ್ಯೆ ಅಂದೇ ಬರೆದಿಡಿ. ಆರು ತಿಂಗಳ ನಂತರ ನೆನಪಿರಲ್ಲ.

ಉಲ್ಲೇಖಗಳನ್ನು ಜೋಡಿಸಿಡಲು ಜೊಟೆರೊ ಎಂಬ ತಂತ್ರಾಂಶ ನನ್ನ ಆಯ್ಕೆ, ಉಚಿತವಾಗಿ ಸಿಗುತ್ತದೆ. ಮೊದಲ ಲೇಖನದಿಂದಲೇ ಬಳಸಿ. ಎರಡೆರಡು ಸಲ ಬಂದವನ್ನು ಅದೇ ತೋರಿಸುತ್ತದೆ, ಹಿಂತೆಗೆದುಕೊಂಡ ಲೇಖನವಿದ್ದರೆ ಎಚ್ಚರಿಸುತ್ತದೆ. ಆದರೆ ಲೇಖಕರ ಹೆಸರು, ವರ್ಷ, ಪುಟಸಂಖ್ಯೆಯನ್ನು ಮೂಲದ ಜೊತೆ ನೀವೇ ತಾಳೆ ನೋಡಬೇಕು. ಆಮದಾಗುವಾಗ ತಪ್ಪುಗಳು ನುಸುಳುತ್ತವೆ.