ಪೆಡಲ್ ಸ್ಟೀಲ್ ಗಿಟಾರ್‌ನ ರಾಡ್‌ಗಳು ಅದಲುಬದಲಾಗದಂತೆ ಗುರುತು ಹಾಕೋದು ಹೇಗೆ?

ನಿಮ್ಮ ಪ್ರಶ್ನೆ ಓದಿದೆ. ತಲಾ ಹತ್ತು ತಂತಿಯ ಎರಡು ನೆಕ್, ಎಂಟು ಪೆಡಲ್ ಇರುವ ಡಿ-10 ಪೆಡಲ್ ಸ್ಟೀಲ್ ಗಿಟಾರನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದೀರಿ. ಬಿಚ್ಚಿ ಪೆಟ್ಟಿಗೆಗೆ ತುಂಬಿ ಇನ್ನೊಂದು ಕಡೆ ಜೋಡಿಸುವಾಗಲೆಲ್ಲ ಎಂಟು ರಾಡ್‌ಗಳಲ್ಲಿ ಯಾವುದು ಯಾವ ಪೆಡಲಿನದು ಅಂತ ಹುಡುಕೋದರಲ್ಲೇ ಹೊತ್ತು ಹೋಗುತ್ತೆ. ನಿಮ್ಮೂರಿನ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಒಂದು ಭಾವಗೀತೆ ನುಡಿಸಬೇಕಿದೆ, ವೇದಿಕೆ ಕೈಗೆ ಸಿಗೋದು ಕಾಲು ಗಂಟೆ ಮುಂಚೆ. ರಾಡ್‌ಗಳಿಗೆ ಸ್ಟಿಕರ್ ಅಂಟಿಸಿದರೆ ಸಾಕಾ ಅಂತ ಕೇಳಿದ್ದೀರಿ.

ನಾನಿರೋದು ಟೆಕ್ಸಾಸ್‌ನಲ್ಲಿ, ವಾರಾಂತ್ಯದಲ್ಲಿ ಒಂದು ಕಂಟ್ರಿ ಬ್ಯಾಂಡ್ ಜೊತೆ ಇದೇ ವಾದ್ಯ ನುಡಿಸುತ್ತೇನೆ. ಜೋಡಿಸೋದು, ಬಿಚ್ಚೋದು ಎರಡೂ ಅಭ್ಯಾಸವಾಗಿದೆ. ನೇರವಾಗಿ ಹೇಳಬೇಕೆಂದರೆ ಸ್ಟಿಕರ್ ಸಾಲೋದಿಲ್ಲ. ರಾಡ್ ಒಂದಕ್ಕೇ ಗುರುತು ಹಾಕಿದರೆ ಅರ್ಧ ಕೆಲಸ ಆದ ಹಾಗೆ. ಪೆಡಲಿಗೆ, ರಾಡಿಗೆ, ಮೇಲೆ ಕೊಕ್ಕೆ ಸಿಕ್ಕಿಸುವ ಬೆಲ್ ಕ್ರ್ಯಾಂಕ್ ಅನ್ನೋ ಪುಟ್ಟ ತೋಳಿಗೆ, ಮೂರಕ್ಕೂ ಒಂದೇ ಗುರುತು ಇರಬೇಕು. ಅದಕ್ಕೂ ಮೊದಲು ಪ್ರತಿ ರಾಡಿನ ಉದ್ದ ಸರಿಯಾಗಿ ಹೊಂದಿಕೊಂಡಿರಬೇಕು. ಉದ್ದ ಸರಿಯಿಲ್ಲದ ರಾಡಿಗೆ ಚೆಂದದ ನಂಬರ್ ಹಾಕಿದರೆ, ಪ್ರತಿ ಸಲವೂ ಅದೇ ತಪ್ಪನ್ನು ಅದೇ ಜಾಗಕ್ಕೆ ಜೋಡಿಸುತ್ತಾ ಹೋಗುತ್ತೀರಿ.

ಈ ವಾದ್ಯ ನೋಡದವರೂ ಇದನ್ನು ಓದುತ್ತಿರಬಹುದು, ಅವರಿಗಾಗಿ ಎರಡು ಮಾತು. ನಮ್ಮಲ್ಲಿ ಹವಾಯಿಯನ್ ಗಿಟಾರ್ ಅಂತ ಕರೆಯೋ ವಾದ್ಯದ ವಂಶದ್ದೇ ಇದು. ತಂತಿಯ ಮೇಲೆ ಉಕ್ಕಿನ ಬಾರ್ ಜಾರಿಸಿ ನುಡಿಸೋದು. ಇದರಲ್ಲಿ ಕಾಲಿಗೆ ಪೆಡಲ್‌ಗಳು, ಮೊಣಕಾಲಿಗೆ ಲಿವರ್‌ಗಳು ಇರುತ್ತವೆ. ಪೆಡಲ್ ಒತ್ತಿದರೆ ನಿಂತ ರಾಡ್ ಕೆಳಕ್ಕೆ ಎಳೆಯುತ್ತೆ, ಗಿಟಾರಿನ ಹೊಟ್ಟೆಯಡಿ ಅಡ್ಡಲಾಗಿರುವ ಶಾಫ್ಟ್ ತಿರುಗುತ್ತೆ, ಆ ಶಾಫ್ಟಿಗೆ ಸಿಕ್ಕಿಸಿದ ಮಲಗಿದ ರಾಡ್‌ಗಳು ಬಲತುದಿಯ ಚೇಂಜರನ್ನು ಎಳೆದು ತಂತಿಯ ಶ್ರುತಿ ಬದಲಿಸುತ್ತವೆ. ಹೀಗಾಗಿ ರಾಡ್‌ಗಳಲ್ಲಿ ಎರಡು ಜಾತಿ. ಮಲಗಿದವು ಪುಲ್ ರಾಡ್‌ಗಳು, ಅವು ಗಿಟಾರಿನಲ್ಲೇ ಇರುತ್ತವೆ. ನಿಂತವು ಪೆಡಲ್ ರಾಡ್‌ಗಳು, ಪ್ರತಿ ಸಲ ಬಿಚ್ಚಿ ಹಾಕೋದು ಇವನ್ನೇ. ನಿಮ್ಮ ತಲೆನೋವೂ ಇವೇ.

ನೋಡೋಕೆ ಎಂಟೂ ಒಂದೇ ಥರ. ಪಕ್ಕದಲ್ಲಿಟ್ಟು ಅಳೆದರೆ ಒಂದೆರಡು ಮಿಲಿಮೀಟರ್ ವ್ಯತ್ಯಾಸ ಕಾಣಬಹುದು, ಆದರೆ ಕಾಲಿಗೆ ಅಷ್ಟೇ ಬಹಳ ಆಗುತ್ತೆ. ಯಾಕೆ ಅಂತ ಎ ಮತ್ತು ಬಿ ಅನ್ನೋ ಹೆಸರಿನ (ಇವು ಸ್ವರದ ಹೆಸರಲ್ಲ) ಪೆಡಲ್‌ಗಳನ್ನೇ ಇಟ್ಟುಕೊಂಡು ಹೇಳುತ್ತೇನೆ. ಇ9 ಅನ್ನೋ ಶ್ರುತಿಗೆ ಹೊಂದಿಸಿದ ನೆಕ್‌ನಲ್ಲಿ ಎ ಪೆಡಲ್ 5 ಮತ್ತು 10ನೇ ತಂತಿಗಳ ಬಿ ಸ್ವರವನ್ನು ಸಿ ಶಾರ್ಪ್‌ಗೆ ಏರಿಸುತ್ತೆ, ಅಂದರೆ ಪೂರ್ತಿ ಒಂದು ಸ್ವರ. ಬಿ ಪೆಡಲ್ 3 ಮತ್ತು 6ನೇ ತಂತಿಗಳ ಜಿ ಶಾರ್ಪನ್ನು ಎ ಸ್ವರಕ್ಕೆ, ಅಂದರೆ ಅರ್ಧ ಸ್ವರ ಏರಿಸುತ್ತೆ. ಎರಡನ್ನೂ ಒಟ್ಟಿಗೆ ಒತ್ತಿದರೆ ಇ ಮೇಜರ್ ಇದ್ದದ್ದು ಎ ಮೇಜರ್ ಆಗುತ್ತೆ. 1953ರ ಕೊನೆಗೆ ಸ್ಟೀಲ್ ಗಿಟಾರ್ ವಾದಕ ಬಡ್ ಐಸಾಕ್ಸ್ ನ್ಯಾಶ್‌ವಿಲ್‌ನಲ್ಲಿ ಧ್ವನಿಮುದ್ರಣ ಮಾಡಿದಾಗ ಈ ಎರಡು ಬದಲಾವಣೆಗಳೂ ಒಂದೇ ಪೆಡಲಿನಲ್ಲಿದ್ದವು. ಆಮೇಲೆ ಇನ್ನೊಬ್ಬ ವಾದಕ ಬಡ್ಡಿ ಎಮನ್ಸ್ ಅವನ್ನು ಎರಡು ಪೆಡಲ್‌ಗಳಿಗೆ ಹಂಚಿದರು. ಅಂದಿನಿಂದ ಒಂದೇ ಪಾದ ಎರಡು ಪೆಡಲ್‌ಗಳ ಮೇಲೆ ಕೂತು, ಒಮ್ಮೆ ಎರಡನ್ನೂ ಒತ್ತುತ್ತಾ, ಒಮ್ಮೆ ಒಂದರ ಮೇಲೆ ವಾಲುತ್ತಾ ಇರುತ್ತೆ. ಹಾಗೆ ವಾಲಬೇಕಾದರೆ ಎರಡೂ ಪೆಡಲ್‌ಗಳ ಎತ್ತರ ನಿಮ್ಮ ಪಾದಕ್ಕೆ ಒಗ್ಗಿರಬೇಕು. ಆ ಎತ್ತರ ನಿರ್ಧಾರ ಆಗೋದು ರಾಡಿನ ಉದ್ದದಿಂದ.

ರಾಡ್ ಅದಲುಬದಲಾದಾಗ ಆಗೋದು ಕಾಲಿಗೆ ತೊಂದರೆ ಮಾತ್ರ ಅಲ್ಲ. ಬಿ ಪೆಡಲಿಗೆ ಬೇಕಾದ್ದಕ್ಕಿಂತ ಗಿಡ್ಡ ರಾಡ್ ಬಂತು ಅಂದುಕೊಳ್ಳಿ. ಪೆಡಲ್ ಮುಟ್ಟದೇ ಇದ್ದರೂ ರಾಡ್ ಬೆಲ್ ಕ್ರ್ಯಾಂಕನ್ನು ಸ್ವಲ್ಪ ಎಳೆದೇ ಇಟ್ಟಿರುತ್ತೆ, ಚೇಂಜರ್ ತನ್ನ ಮೂಲ ಜಾಗಕ್ಕೆ ಪೂರ್ತಿ ವಾಪಸ್ ಬರೋದಿಲ್ಲ. 3 ಮತ್ತು 6ನೇ ತಂತಿಗಳು ಜಿ ಶಾರ್ಪ್‌ಗಿಂತ ಒಂದು ಎಳೆ ಮೇಲೆ ಮಾತಾಡುತ್ತವೆ. ಟ್ಯೂನರ್ ನೋಡಿ, ತಂತಿ ಏರಿದೆ ಅಂದುಕೊಂಡು ಕೀ ತಿರುಗಿಸಿ ಇಳಿಸಿದರೆ, ಈಗ ಒತ್ತಿದಾಗಿನ ಸ್ವರವೂ ಹಾಳಾಯಿತು. ಅದನ್ನು ಸರಿ ಮಾಡೋಕೆ ಚೇಂಜರ್ ತುದಿಯ ನೈಲಾನ್ ನಟ್ ತಿರುಗಿಸುತ್ತೀರಿ. ಮುಂದಿನ ಸಲ ರಾಡ್ ಸರಿಯಾದ ಜಾಗಕ್ಕೆ ಬಂದಾಗ ಮತ್ತೆ ಎಲ್ಲ ಬುಡಮೇಲು. ಜೋಡಿಸಿದ ತಕ್ಷಣ ಯಾವುದೋ ಒಂದು ಪೆಡಲಿನ ತಂತಿಗಳು ಮಾತ್ರ ಜೊತೆಯಾಗಿ ಏರಿದ್ದರೆ ಕೀಗಳಿಗೆ ಕೈ ಹಾಕಬೇಡಿ, ಮೊದಲು ಆ ಪೆಡಲಿನ ರಾಡ್ ನೋಡಿ. ರಾಡನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಮೇಲೆ ಕೆಳಗೆ ಆಡಿಸಿ. ಕೂದಲೆಳೆಯಷ್ಟು ಸಡಿಲ ಇರಬೇಕು. ಸ್ವಲ್ಪವೂ ಆಡದಿದ್ದರೆ ಗಿಡ್ಡ, ಲಟಲಟ ಅಂದರೆ ಉದ್ದ.

ಹಾಗಾಗಿ ಬಿಡುವಾಗಿರೋ ಒಂದು ದಿನ ಮನೆಯಲ್ಲೇ ಗಿಟಾರ್ ಪೂರ್ತಿ ಜೋಡಿಸಿ, ನಿಮ್ಮ ಕುರ್ಚಿಯಲ್ಲಿ ಕೂತು, ನುಡಿಸುವಾಗ ಹಾಕುವ ಬೂಟನ್ನೇ ಹಾಕಿಕೊಂಡು ಎಂಟೂ ಪೆಡಲ್‌ಗಳ ಎತ್ತರ ಹೊಂದಿಸಿ. ಹೆಚ್ಚಿನ ಗಿಟಾರ್‌ಗಳಲ್ಲಿ ರಾಡಿನ ಒಂದು ತುದಿಯಲ್ಲಿ ಥ್ರೆಡ್ ಇರುತ್ತೆ, ತಿರುಗಿಸಿದಂತೆ ಉದ್ದ ಹೆಚ್ಚು ಕಡಿಮೆ ಆಗುತ್ತೆ. ಅಲ್ಲಿ ಲಾಕ್ ನಟ್ ಇದ್ದರೆ ಬಿಗಿ ಮಾಡಿ. ಇಲ್ಲದಿದ್ದರೆ ಥ್ರೆಡ್ ಸೇರುವ ಕಡೆ ರಾಡಿನಿಂದ ಕನೆಕ್ಟರ್‌ವರೆಗೆ ಉಗುರು ಬಣ್ಣದ ಒಂದು ಗೆರೆ ಎಳೆಯಿರಿ. ಸಾಗಿಸುವಾಗ ರಾಡ್ ತಿರುಗಿದ್ದರೆ ಗೆರೆ ಮುರಿದು ಕಾಣುತ್ತೆ. ಈ ಒಂದು ಗೆರೆಗೆ ಎಷ್ಟು ಬೆಲೆ ಅನ್ನೋದು ಅವಸರದಲ್ಲಿ ಜೋಡಿಸುವಾಗ ಗೊತ್ತಾಗುತ್ತೆ.

ಇನ್ನು ನಂಬರ್. ರಾಡ್ ಮೇಲೆ ಎ, ಬಿ, ಸಿ ಅಂತ ಬರೆಯಬೇಡಿ. ಎಮನ್ಸ್ ಜೋಡಣೆಯಲ್ಲಿ ಎಡದಿಂದ ಎ, ಬಿ, ಸಿ ಇರುತ್ತೆ. ವಾದಕ ಜಿಮ್ಮಿ ಡೇ ಅವರ ಹೆಸರಿನ ಡೇ ಜೋಡಣೆಯಲ್ಲಿ ಅದೇ ಸಿ, ಬಿ, ಎ ಆಗುತ್ತೆ. ಹಳೆಯ ಮಾಲೀಕರು ಯಾವ ಪದ್ಧತಿಯವರು ಅಂತ ನಿಮಗೆ ಗೊತ್ತಿಲ್ಲ, ನಾಳೆ ನೀವೇ ಬದಲಿಸಬಹುದು. ರಾಡಿಗೆ ಸಂಬಂಧ ಇರೋದು ಜಾಗಕ್ಕೆ, ಅದು ಯಾವ ಸ್ವರ ಎಳೆಯುತ್ತೆ ಅನ್ನೋದಕ್ಕಲ್ಲ. 1ರಿಂದ 8 ಅಂತಲೇ ಇಡಿ. ಸಾಮಾನ್ಯವಾಗಿ 1ರಿಂದ 3 ಇ9 ನೆಕ್‌ಗೆ, 4ರಿಂದ 8 ಸಿ6 ಶ್ರುತಿಯ ಇನ್ನೊಂದು ನೆಕ್‌ಗೆ.

ಎಲ್ಲಿಂದ ಎಣಿಸಬೇಕು ಅನ್ನೋದರಲ್ಲೇ ಜನ ಎಡವೋದು. ಕುರ್ಚಿಯಲ್ಲಿ ಕೂತಾಗ ಎಡಗಡೆ ಇರೋದು, ವೇದಿಕೆಯ ಎದುರಿನಿಂದ ಬಗ್ಗಿ ಸಿಕ್ಕಿಸುವಾಗ ಬಲಗಡೆ. ಪೆಟ್ಟಿಗೆಯಲ್ಲಿ ಗಿಟಾರ್ ಬೋರಲಾಗಿ ಮಲಗಿರುವಾಗಲೇ ಕಾಲು, ಪೆಡಲ್ ಬಾರ್ (ಪೆಡಲ್‌ಗಳನ್ನು ಹೊತ್ತ ಅಡ್ಡಪಟ್ಟಿ) ಸಿಕ್ಕಿಸುವವರಿಗಂತೂ ಇನ್ನೂ ಗೊಂದಲ. ಎಡ ಬಲ ಮರೆತುಬಿಡಿ. ಕೀಹೆಡ್ (ತಂತಿ ಬಿಗಿಸುವ ಕೀಗಳಿರುವ ತುದಿ) ಕಡೆ ಯಾವಾಗಲೂ 1, ಚೇಂಜರ್ ಕಡೆ ಯಾವಾಗಲೂ 8. ಗಿಟಾರ್ ನೆಟ್ಟಗಿರಲಿ, ಬೋರಲಾಗಿರಲಿ, ಇದು ಬದಲಾಗೋದಿಲ್ಲ.

ಗುರುತಿಗೆ ಏನು ಬಳಸಬೇಕು? ಮಾಸ್ಕಿಂಗ್ ಟೇಪ್ ಬೇಡ, ಟೆಕ್ಸಾಸ್ ಬೇಸಿಗೆಯಲ್ಲಿ ಕಾರಿನೊಳಗೆ ಅಂಟು ಕರಗಿ ರಾಡೆಲ್ಲ ಜಿಗುಟಾಗುತ್ತೆ. ಮಾರ್ಕರ್ ಬರಹ ನಯವಾದ ಉಕ್ಕಿನ ಮೇಲೆ ನಿಲ್ಲೋದಿಲ್ಲ, ಕೈ ಬೆವರಿಗೆ ಅಳಿಸುತ್ತೆ. ಅರದಲ್ಲಿ ಉಜ್ಜಿ ಗೀರು ಹಾಕೋದಂತೂ ಬೇಡವೇ ಬೇಡ, ಲೇಪನ ಹೋಗಿ ತುಕ್ಕು ಹಿಡಿಯುತ್ತೆ. ನನಗೆ ಒಗ್ಗಿದ್ದು ಹೀಟ್ ಶ್ರಿಂಕ್ ಟ್ಯೂಬ್, ಎಲೆಕ್ಟ್ರಾನಿಕ್ಸ್‌ನವರು ವೈರ್ ಬೆಸುಗೆಯ ಮೇಲೆ ಹಾಕುತ್ತಾರಲ್ಲ, ಅದೇ. ರಾಡಿನ ದಪ್ಪಕ್ಕಿಂತ ಸ್ವಲ್ಪ ದೊಡ್ಡದನ್ನು ಕೊಳ್ಳಿ. ಎರಡಕ್ಕೆ ಒಂದು ಅನುಪಾತದ ಟ್ಯೂಬ್ ಬಿಸಿಗೆ ಅರ್ಧದಷ್ಟು ಕುಗ್ಗುತ್ತೆ, ಗಟ್ಟಿಯಾಗಿ ಕಚ್ಚಿಕೊಳ್ಳುತ್ತೆ. ಕೊಕ್ಕೆಯ ಕಡೆಯಿಂದ ತೂರದಿದ್ದರೆ ಥ್ರೆಡ್ ಇರುವ ತುದಿಯಿಂದ ತೂರಿಸಿ. ಆದರೆ ಥ್ರೆಡ್ ತಿರುಗಿಸಿ ಬಿಚ್ಚಬೇಕಾಗಿ ಬಂದರೆ ಉದ್ದ ಅಳೆದಿಟ್ಟುಕೊಂಡೇ ಬಿಚ್ಚಿ. ಬಿಸಿ ಮಾಡುವಾಗ ರಾಡನ್ನು ಗಿಟಾರಿನಿಂದ ದೂರ ಒಯ್ಯಿರಿ, ಅಲ್ಲಿ ನೈಲಾನ್ ಭಾಗಗಳಿವೆ, ಮೈಮೇಲೆ ಲ್ಯಾಕರ್ ಇದೆ.

ಬಣ್ಣಕ್ಕೆ ಎಲೆಕ್ಟ್ರಾನಿಕ್ಸ್‌ನ ರೆಸಿಸ್ಟರ್‌ಗಳ ಮೇಲೆ ಅಂಕಿ ಸೂಚಿಸುವ ಬಣ್ಣಗಳ ಕ್ರಮವನ್ನೇ ಇಟ್ಟುಕೊಳ್ಳಬಹುದು: 1 ಕಂದು, 2 ಕೆಂಪು, 3 ಕಿತ್ತಳೆ, 4 ಹಳದಿ, 5 ಹಸಿರು, 6 ನೀಲಿ, 7 ನೇರಳೆ, 8 ಬೂದು. ಎಂಜಿನಿಯರಿಂಗ್ ಓದಿದವರಿಗೆ ಇದು ಬಾಯಿಪಾಠ ಇರುತ್ತೆ. ಆದರೆ ಬಣ್ಣವನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ವೇದಿಕೆಯ ಕೆಂಪು ದೀಪದಡಿ ಕಂದು, ಕೆಂಪು, ಕಿತ್ತಳೆ ಮೂರೂ ಒಂದೇ ಥರ ಕಾಣುತ್ತವೆ, ಅವೇ ನಿಮಗೆ ಅತಿ ಮುಖ್ಯವಾದ ಮೂರು ರಾಡ್‌ಗಳು. ಆದ್ದರಿಂದ ಕೈಗೆ ತಿಳಿಯುವ ಗುರುತು ಇರಲಿ. ಟ್ಯೂಬನ್ನು ಕಿರಿದಾಗಿ ಕತ್ತರಿಸಿ ಕೈಗೆ ಬಳೆ ತೊಡಿಸಿದ ಹಾಗೆ ರಾಡಿಗೆ ತೊಡಿಸಿ: 1ಕ್ಕೆ ಒಂದು ಬಳೆ, 2ಕ್ಕೆ ಎರಡು, ಹೀಗೆ 4ರವರೆಗೆ. 5ಕ್ಕೆ ಒಂದು ಅಗಲದ ಪಟ್ಟಿ, 6ಕ್ಕೆ ಅಗಲದ್ದೊಂದು ಸಣ್ಣದೊಂದು, 7ಕ್ಕೆ ಅಗಲದ್ದೊಂದು ಸಣ್ಣವೆರಡು, 8ಕ್ಕೆ ಅಗಲದ್ದೊಂದು ಸಣ್ಣವು ಮೂರು. ಮಧ್ಯೆ ಬೆರಳಿನ ಉಗುರು ಹಿಡಿಯುವಷ್ಟು ಸಂದು ಬಿಡಿ. ಕಣ್ಣು ಮುಚ್ಚಿಕೊಂಡು ಹೆಬ್ಬೆರಳು ಸವರಿದರೂ ನಂಬರ್ ಗೊತ್ತಾಗಬೇಕು.

ಬಳೆಗಳನ್ನು ಎಂಟೂ ರಾಡ್‌ಗಳ ಮೇಲ್ತುದಿಯ ಹತ್ತಿರವೇ ಹಾಕಿ, ಕೊಕ್ಕೆಯಿಂದ ಎರಡು ಮೂರು ಅಂಗುಲ ಕೆಳಗೆ. ಆಗ ಯಾವ ತುದಿ ಮೇಲೆ ಅನ್ನೋದಕ್ಕೆ ಬೇರೆ ಗುರುತು ಬೇಡ. ಕೊಕ್ಕೆಗೆ ತೀರಾ ಹತ್ತಿರ ಹಾಕಿದರೆ ಬೆಲ್ ಕ್ರ್ಯಾಂಕಿಗೆ ಉಜ್ಜುತ್ತೆ, ಪೆಡಲ್ ಬಿಟ್ಟಾಗ ಕಿರಿಕ್ ಅಂತ ಸದ್ದು ಬರುತ್ತೆ, ಮೈಕ್ ಹತ್ತಿರ ಇದ್ದರೆ ಅದೂ ಕೇಳಿಸುತ್ತೆ. ಇನ್ನು ಬೆಲ್ ಕ್ರ್ಯಾಂಕ್ ಮೇಲೆ, ಪೆಡಲಿನ ಕೆಳಬದಿಯಲ್ಲಿ ಅದೇ ಬಣ್ಣದ ಉಗುರು ಬಣ್ಣದ ಚುಕ್ಕೆ ಸಾಕು. ಪೆಡಲಿನ ಮೇಲೆ ಚುಕ್ಕೆ ಇಟ್ಟರೆ ಬೂಟು ಅಳಿಸಿಹಾಕುತ್ತೆ.

ಮಲಗಿದ ಪುಲ್ ರಾಡ್‌ಗಳಿಗೆ ಟ್ಯೂಬ್, ಟೇಪ್ ಏನನ್ನೂ ಸುತ್ತಬೇಡಿ. ಅವು ಒಂದಕ್ಕೊಂದು ಅಂಟಿದಂತೆ ಓಡಾಡುತ್ತವೆ, ಸ್ವಲ್ಪ ದಪ್ಪವಾದರೂ ತಾಗುತ್ತವೆ. ಅವುಗಳಿಗೆ ಒಂದು ನಕ್ಷೆ ಸಾಕು. ಯಾವ ತಂತಿ, ಯಾವ ಪೆಡಲ್ ಅಥವಾ ಲಿವರ್, ಯಾವ ಸ್ವರದಿಂದ ಯಾವ ಸ್ವರಕ್ಕೆ ಅಂತ ಪಟ್ಟಿ ಮಾಡಿ, ಚೇಂಜರ್ ತುದಿಯ ನೈಲಾನ್ ನಟ್‌ಗಳ ಸಾಲನ್ನು ಹಾಗೆಯೇ ಬಿಡಿಸಿ, ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿ. ಪೆಡಲ್ ಒತ್ತಿ ಹಿಡಿದು ಆ ನಟ್ಟನ್ನು ತಿರುಗಿಸಿ ಶ್ರುತಿ ಮಾಡುವಾಗ ತಪ್ಪು ನಟ್‌ಗೆ ಕೈ ಹೋಗದಿರಲು ಇದು ಬೇಕೇ ಬೇಕು. ಪಟ್ಟಿಯಲ್ಲಿ ಪೆಡಲ್ ರಾಡ್‌ಗಳ ಉದ್ದವನ್ನೂ ಮಿಲಿಮೀಟರ್‌ನಲ್ಲಿ ಬರೆದಿಡಿ, ಕೊಕ್ಕೆಯ ಒಳಮೈಯಿಂದ ಇನ್ನೊಂದು ತುದಿಯವರೆಗೆ. ಒಂದು ರಾಡ್ ಕಳೆದುಹೋದರೂ ಆ ಅಳತೆ ಕೊಟ್ಟು ಹೊಸದು ಮಾಡಿಸಬಹುದು. ಗಿಟಾರಿನ ಹೊಟ್ಟೆಯ ಒಂದು ಫೋಟೋ ಫೋನಿನಲ್ಲಿರಲಿ.

ಕಾಲುಗಳನ್ನು ಮರೆಯಬೇಡಿ. ಪೆಡಲ್ ಬಾರ್ ಕೂರೋದು ಮುಂದಿನ ಎರಡು ಕಾಲುಗಳ ಮೇಲೆ. ಆ ಕಾಲುಗಳು ಗಿಟಾರಿನ ಮೈಯೊಳಗೆ ಪೂರ್ತಿ ತಿರುಗಿ ಕೂರದಿದ್ದರೆ ಬಾರ್ ಅಷ್ಟು ಕೆಳಗಿಳಿಯುತ್ತೆ, ಎಲ್ಲ ರಾಡ್‌ಗಳೂ ಒಟ್ಟಿಗೆ ಬಿಗಿಯುತ್ತವೆ. ಹಾಗಾಗಿ ಒಂದೇ ಪೆಡಲ್ ಬಿಗಿ ಇದ್ದರೆ ರಾಡ್ ನೋಡಿ, ಎಂಟೂ ಬಿಗಿ ಇದ್ದರೆ ಕಾಲು ನೋಡಿ. ಮುಂದಿನ ಕಾಲುಗಳಿಗೆ ಕೀಹೆಡ್ ಕಡೆಯದು, ಚೇಂಜರ್ ಕಡೆಯದು ಅಂತ ಅದೇ ಉಗುರು ಬಣ್ಣದಲ್ಲಿ ಗುರುತು ಮಾಡಿ.

ಬಿಚ್ಚಿದ ರಾಡ್‌ಗಳನ್ನು ಪೆಟ್ಟಿಗೆಗೆ ಹಾಗೇ ಸುರಿಯಬೇಡಿ. ಸ್ಪ್ಯಾನರ್ ಇಡೋಕೆ ಸಿಗುವ ಸುತ್ತಿಡುವ ಬಟ್ಟೆ ಚೀಲದಲ್ಲಿ ಎಂಟು ಜೇಬು ಹೊಲಿಸಿ, ಕ್ರಮವಾಗಿ ತೂರಿಸಿ. ಖಾಲಿ ಜೇಬು ಕಂಡರೆ ವೇದಿಕೆಯ ಮೇಲೆ ಒಂದು ರಾಡ್ ಬಿಟ್ಟಿದ್ದೀರಿ ಅಂತ ಅಲ್ಲೇ ಗೊತ್ತಾಗುತ್ತೆ.

ರಾಜ್ಯೋತ್ಸವದ ದಿನಕ್ಕೆ ಒಂದು ಸಲಹೆ: ಭಾವಗೀತೆಯನ್ನು ಇ9 ನೆಕ್‌ನಲ್ಲೇ ನುಡಿಸುತ್ತೀರಾದರೆ 1, 2, 3 ರಾಡ್‌ಗಳನ್ನು ಮೊದಲು ಸಿಕ್ಕಿಸಿ, ಶ್ರುತಿ ನೋಡಿ. ಸಮಯ ಉಳಿದರೆ 4ರಿಂದ 8. ಮೊಣಕಾಲಿನ ಲಿವರ್‌ಗಳು ಗಿಟಾರಿನಲ್ಲೇ ಮಡಚಿಕೊಂಡಿರುತ್ತವೆ, ಅವನ್ನು ಬಿಡಿಸಿದರೆ ಆಯಿತು. ಹಿಂದಿನ ಕೋಣೆಯಲ್ಲಿ ಜಾಗ ಕೊಡುತ್ತಾರೆಂದರೆ ಅಲ್ಲೇ ಪೂರ್ತಿ ಜೋಡಿಸಿ, ಇಬ್ಬರು ಎರಡು ತುದಿ ಹಿಡಿದು ಹಾಗೇ ಎತ್ತಿ ತನ್ನಿ. ಪೆಡಲ್ ಬಾರ್ ಹಿಡಿದು ಎತ್ತಬೇಡಿ.

ಗಿಟಾರ್ ಯಾವ ಕಂಪನಿಯದು ಅಂತ ನೀವು ಬರೆದಿಲ್ಲ. ಕೊಕ್ಕೆ, ಕನೆಕ್ಟರ್ ಜೋಡಣೆ ಒಂದೊಂದರಲ್ಲಿ ಒಂದೊಂದು ಥರ. ಒಂದು ರಾಡಿನ ಎರಡೂ ತುದಿಯ ಫೋಟೋ ಹಾಕಿ, ಟ್ಯೂಬ್ ಯಾವ ಕಡೆಯಿಂದ ತೂರಿಸಬಹುದು ಅಂತ ನೋಡಿ ಹೇಳುತ್ತೇನೆ.