ಗೇರಿಲ್ಲದ ಸ್ಕೂಟರಿನ ಗೇರು

ಕಾಸರಗೋಡು ಕಡೆಯ ನೀರ್ಚಾಲಿನ ಹಿರಿಯ ಓದುಗರೊಬ್ಬರು ಬರೆದಿದ್ದಾರೆ: ಮಗ ತಂದ ಗೇರ್‌ಲೆಸ್ ಸ್ಕೂಟರ್ ಮುಳ್ಳೇರಿಯದ ಕಡೆಯ ಏರಿನಲ್ಲಿ ಬರೀ ಸದ್ದು ಮಾಡುತ್ತದೆ, ಬ್ಯಾಟರಿ ಕೈಕೊಟ್ಟರೆ ತಳ್ಳಿ ಸ್ಟಾರ್ಟ್ ಮಾಡಲೂ ಆಗುವುದಿಲ್ಲ, ಗೇರೇ ಇಲ್ಲದ ಈ ‘ಹೆಂಗಸರ ಗಾಡಿ’ಯನ್ನು ಓಡಿಸುವುದೂ ಒಂದು ವಿದ್ಯೆಯೇ? ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಿ ಪೆಟ್ರೋಲ್ ಉಳಿಸಬಹುದೇ ಎಂಬುದು ಅವರ ಕೊನೆಯ ಪ್ರಶ್ನೆ.

ಸಂಪಾದಕರ ಉತ್ತರ:

ಮಾನ್ಯರೇ, ಎಡಗೈಯಲ್ಲಿ ಗೇರ್ ತಿರುಗಿಸುವ ಹಳೆಯ ಸ್ಕೂಟರನ್ನು ಮಳೆಗಾಲದ ಕೆಸರಿನಲ್ಲೂ ನಡೆಸಿದ ತಮ್ಮ ಕೈಚಳಕಕ್ಕೆ ನಮಸ್ಕಾರ. ತಳ್ಳಿ ಸ್ಟಾರ್ಟ್ ಮಾಡಲಾಗದು ಎಂಬ ತಮ್ಮ ದೂರನ್ನೂ ಒಪ್ಪುತ್ತೇನೆ. ಆದರೆ ‘ಗೇರೇ ಇಲ್ಲ’ ಎಂಬ ಮಾತನ್ನು ಮಾತ್ರ ಒಪ್ಪಲಾರೆ. ತಮ್ಮ ಮಗನ ಸರ್ವಿಸ್ ಬಿಲ್ಲನ್ನು ಒಮ್ಮೆ ತರಿಸಿ ನೋಡಿ, ಅದರಲ್ಲಿ ಗೇರ್ ಆಯಿಲ್ ಎಂಬ ಸಾಲು ಸಿಕ್ಕೀತು. ಗೇರಿಲ್ಲದ ಗಾಡಿಗೆ ಆ ಎಣ್ಣೆ ಏಕೆ? ಹಿಂದಿನ ಚಕ್ರದ ಪಕ್ಕದಲ್ಲಿ, ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸುವ ಹಲ್ಲುಚಕ್ರಗಳು ಆ ಎಣ್ಣೆಯಲ್ಲೇ ಮುಳುಗಿ ತಿರುಗುತ್ತಿರುತ್ತವೆ.

ನಾನೂ ಒಂದು ಕಾಲದಲ್ಲಿ ತಮ್ಮಂತೆಯೇ ನಂಬಿದ್ದವನು. ಬದಿಯಡ್ಕದ ಸಣ್ಣ ವರ್ಕ್‌ಶಾಪೊಂದರಲ್ಲಿ ಮೆಕ್ಯಾನಿಕ್ ಹುಡುಗ ನನ್ನ ಸ್ಕೂಟರಿನ ಎಡಬದಿಯ ಮುಚ್ಚಳ ಬಿಚ್ಚಿದಾಗ ಕಂಡದ್ದು ಎರಡು ಪುಲ್ಲಿ, ಅವುಗಳ ನಡುವೆ ಒಂದು ರಬ್ಬರ್ ಬೆಲ್ಟ್. ಪ್ರತಿ ಪುಲ್ಲಿಯೂ ಎದುರುಬದುರಾಗಿ ಇಟ್ಟ ಎರಡು ಓರೆ ತಟ್ಟೆಗಳ ಜೋಡಿ. ತಟ್ಟೆಗಳು ಹತ್ತಿರವಾದರೆ ಬೆಲ್ಟ್ ಅಂಚಿನತ್ತ ಏರುತ್ತದೆ, ದೂರವಾದರೆ ನಡುವಿಗೆ ಇಳಿಯುತ್ತದೆ. ಎಂಜಿನ್ನಿಗೆ ಸೇರಿದ ಮುಂದಿನ ಪುಲ್ಲಿಯೊಳಗೆ ಸಾಮಾನ್ಯವಾಗಿ ಆರು ರೋಲರುಗಳಿರುತ್ತವೆ. ತೆಂಕುತಿಟ್ಟು ಯಕ್ಷಗಾನದ ಪುಂಡುವೇಷ ಗಿರ್ರನೆ ಸುತ್ತುವಾಗ ಸೋಗೆವಲ್ಲಿ ಬಟ್ಟೆ ಹೊರಕ್ಕೆ ಹಾರುವಂತೆ, ಎಂಜಿನ್ ವೇಗವಾದಷ್ಟೂ ಈ ರೋಲರುಗಳು ಹೊರಕ್ಕೆ ಸರಿದು ಒಂದು ತಟ್ಟೆಯನ್ನು ಇನ್ನೊಂದರತ್ತ ಒತ್ತುತ್ತವೆ. ಬೆಲ್ಟಿನ ಉದ್ದ ಬದಲಾಗುವಂತಿಲ್ಲವಾದ್ದರಿಂದ, ಅದು ಮುಂದೆ ಏರಿದಷ್ಟು ಹಿಂದೆ ಇಳಿಯಲೇಬೇಕು. ಆಗ ಹಿಂದಿನ ಪುಲ್ಲಿ ಸ್ಪ್ರಿಂಗಿನ ಬಿಗಿಯನ್ನು ಮೀರಿ ಬಾಯಿ ಬಿಡುತ್ತದೆ, ಚಕ್ರದ ವೇಗ ಏರುತ್ತದೆ. ತಾವು ಒಂದು, ಎರಡು, ಮೂರು, ನಾಲ್ಕು ಎಂದು ಮೆಟ್ಟಿಲು ಹತ್ತುತ್ತಿದ್ದಿರಿ. ಈ ಗಾಡಿ ಮೆಟ್ಟಿಲೇ ಇಲ್ಲದ ಓರೆ ಹಾದಿಯಲ್ಲಿ ಅದೇ ಎತ್ತರಕ್ಕೆ ಹೋಗುತ್ತದೆ.

ಇನ್ನು ಮುಳ್ಳೇರಿಯದ ಏರು. ಹಿಂದಿನ ಚಕ್ರದ ಮೇಲೆ ಭಾರ ಬಿದ್ದೊಡನೆ ಹಿಂದಿನ ಪುಲ್ಲಿಯಲ್ಲಿರುವ ಓರೆಯಾಗಿ ಕೊರೆದ ಜಾಡು ಮತ್ತು ಸ್ಪ್ರಿಂಗ್ ಎರಡೂ ಸೇರಿ ತಟ್ಟೆಗಳನ್ನು ಮತ್ತೆ ಮುಚ್ಚುತ್ತವೆ, ಬೆಲ್ಟ್ ಅಲ್ಲಿ ಮೇಲೇರುತ್ತದೆ, ಅಂದರೆ ತಾವು ನಾಲ್ಕರಿಂದ ಎರಡಕ್ಕೆ ಇಳಿಸಿದಂತೆಯೇ ಆಗುತ್ತದೆ. ತಮಗೆ ಕೇಳಿದ ಆ ಸದ್ದು ಎಂಜಿನ್ ಬಲ ಕೊಡುವ ವೇಗದಲ್ಲಿ ನಿಂತು ದುಡಿಯುವ ಸದ್ದು. ಸದ್ದು ಏರಿಯೂ ಗಾಡಿ ಕದಲದಿದ್ದರೆ ಬೆಲ್ಟ್ ಸವೆದು ಜಾರುತ್ತಿರಬಹುದು, ತೋರಿಸಿ.

ತಳ್ಳಿದರೆ ಸ್ಟಾರ್ಟ್ ಆಗದ ಕಾರಣವೂ ಸರಳ. ಹಿಂದಿನ ಪುಲ್ಲಿಯ ಜೊತೆಗಿರುವ ಕ್ಲಚ್ಚಿನ ಶೂಗಳು, ಅಂದರೆ ಹಿಡಿತದ ತುಂಡುಗಳು, ಎಂಜಿನ್ ತಿರುಗಿಸಿದಾಗ ಮಾತ್ರ ಅರಳಿ, ಚಕ್ರಕ್ಕೆ ಸೇರಿದ ಗಂಟೆಯಾಕಾರದ ಬಟ್ಟಲನ್ನು ಹಿಡಿಯುತ್ತವೆ. ತಾವು ತಳ್ಳಿದಾಗ ತಿರುಗುವುದು ಬಟ್ಟಲೊಂದೇ. ಕಿಕ್ಕರ್ ಇದ್ದರೆ ಅದನ್ನೇ ತುಳಿಯಿರಿ.

ಇದು ನಿನ್ನೆ ಮೊನ್ನೆಯ ಆಟಿಕೆಯೂ ಅಲ್ಲ. ಹಾಲೆಂಡಿನ ಡಾಫ್ ಕಂಪನಿ 1958ರಲ್ಲೇ ಇದೇ ತತ್ತ್ವದ ಬೆಲ್ಟನ್ನು ಕಾರಿಗೆ ಜೋಡಿಸಿ ತೋರಿಸಿತ್ತು. ನಮ್ಮ ರಸ್ತೆಗೆ ಅದನ್ನು 1980ರ ದಶಕದಲ್ಲಿ ತಂದದ್ದು ಕೈನೆಟಿಕ್ ಹೋಂಡಾ. ಆದರೂ 1988ರ ಮೋಟಾರು ವಾಹನ ಕಾಯಿದೆ ಕೂಡ ಲೈಸೆನ್ಸಿನ ವರ್ಗಕ್ಕೆ ‘ಗೇರಿಲ್ಲದ ಮೋಟಾರ್ ಸೈಕಲ್’ ಎಂದೇ ಹೆಸರಿಟ್ಟಿದೆ. ಸದ್ದಿಲ್ಲದೆ ದುಡಿಯುವುದನ್ನು ‘ಇಲ್ಲ’ ಎಂದು ಬರೆದುಬಿಡುವುದು ನಮ್ಮ ಹಳೆಯ ಚಾಳಿ. ‘ಹೆಂಗಸರ ಗಾಡಿ’ ಎಂಬ ಮಾತು ಕೂಡ ಅಲ್ಲಿಂದಲೇ ಬಂದದ್ದು. ಬೆಳಗ್ಗೆ ಸೊಸೈಟಿಗೆ ಹಾಲು ಕೊಟ್ಟು, ಹಿಂದಿರುಗುವಾಗ ಕಾಲ ಬಳಿ ಹಿಂಡಿಯ ಮೂಟೆ ಇಟ್ಟುಕೊಂಡು ಈ ಗಾಡಿಯಲ್ಲೇ ಏರು ಹತ್ತುವ ಹೆಂಗಸರನ್ನು ತಾವೂ ದಾರಿಯಲ್ಲಿ ಕಂಡಿರುತ್ತೀರಿ.

ತಪ್ಪು ನಮ್ಮ ಕಡೆಯೂ ಇದೆ. ಗಾಡಿಯೊಂದಿಗೆ ನನಗೆ ಸಿಕ್ಕ ಕೈಪಿಡಿಯಲ್ಲಿ ಕನ್ನಡವಿರಲಿಲ್ಲ. ಕನ್ನಡದಲ್ಲಿ ಬರೆಯಬೇಕಾದ ನಮ್ಮ ಪತ್ರಿಕೆಗೆ ಪ್ರತಿ ತಿಂಗಳು ಮುಂಗಾರು ಮಳೆಯ ಮೇಲೆ ಕಟ್ಟುಗಟ್ಟಲೆ ಕವಿತೆ ಬರುತ್ತದೆ, ಮಳೆನೀರು ಬೆಲ್ಟಿನ ಪೆಟ್ಟಿಗೆಗೆ ನುಗ್ಗಿದರೆ ಏನಾಗುತ್ತದೆ ಎಂದು ಒಬ್ಬರೂ ಬರೆಯುವುದಿಲ್ಲ. (ಬೆಲ್ಟ್ ಜಾರುತ್ತದೆ, ಒಣಗುವವರೆಗೆ ಎಳೆತ ಇರುವುದಿಲ್ಲ.) ನಮ್ಮ ಗಡಿನಾಡಿನಲ್ಲಿ ಬೋರ್ಡು ಕನ್ನಡದಲ್ಲಿಲ್ಲವೆಂದು ದೂರುವ ನಾವು, ಬೋಲ್ಟು ನಟ್ಟುಗಳ ಬಗ್ಗೆ ಕನ್ನಡದಲ್ಲಿ ಎಷ್ಟು ಪುಟ ಬರೆದಿದ್ದೇವೆ?

ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡುವುದು ಖಂಡಿತ ಬೇಡ. ವೇಗ ತಗ್ಗಿದೊಡನೆ ಶೂಗಳು ಬಟ್ಟಲನ್ನು ಬಿಡುತ್ತವೆ. ಎಂಜಿನ್ ಚಾಲೂ ಇದ್ದರೆ ಎಕ್ಸಲರೇಟರ್ ತುಸು ಕೊಟ್ಟು ಅವು ಮತ್ತೆ ಹಿಡಿಯುವಂತೆ ಮಾಡಬಹುದು, ಆಫ್ ಆಗಿದ್ದರೆ ಇಡೀ ಭಾರ ಎರಡು ಬ್ರೇಕುಗಳ ಮೇಲೇ ಬೀಳುತ್ತದೆ. ಮುಂದಿನ ಸಲ ಮಗ ಬೆಲ್ಟ್ ಬದಲಿಸಲು ಹೋಗುವಾಗ ತಾವೂ ಜೊತೆಗೆ ಹೋಗಿ, ಹಳೆಯ ರೋಲರುಗಳನ್ನು ಕೇಳಿ ಪಡೆದು, ಅವು ಯಾವ ಬದಿಯಲ್ಲಿ ಸವೆದು ಚಪ್ಪಟೆಯಾಗಿವೆ ಎಂದು ನೋಡಿ ನಮಗೆ ಬರೆಯಿರಿ.